ಕಾಲುದಾರಿಯ ಓಟಕ್ಕೆ ಮೊದಲ ಹೆಜ್ಜೆ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಫಲಿತಾಂಶದ ಬಗೆಗೋ ಕಟ್ಟಡದ ಬಗೆಗೋ ಮಾತನಾಡುವುದು ವಾಡಿಕೆ. ಆ ವರದಿಯನ್ನು ನನ್ನ ಸಹೋದ್ಯೋಗಿಗಳು ಈಗಾಗಲೇ ಓದಿದ್ದಾರೆ. ನನಗೆ ದೊರೆತಿರುವ ಸಮಯದಲ್ಲಿ ನಾನು ಓಟದ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೊಲದ ಬದು, ಬಂಡಿಜಾಡು, ಕೆರೆಯ ಏರಿ, ಗುಡ್ಡದ ಕಾಲುದಾರಿ ಇವುಗಳ ಮೇಲೆ ಓಡುವ ಓಟ ಅದು. ನಗರಗಳಲ್ಲಿ ಅದನ್ನು ಟ್ರೇಲ್ ರನ್ನಿಂಗ್ ಎನ್ನುತ್ತಾರೆ. ನಾವು ಕಾಲುದಾರಿಯ ಓಟ ಎಂದು ಕರೆಯೋಣ.

ಈ ಹಬ್ಬದ ಸಿದ್ಧತೆಗಾಗಿ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿ ಹಾಕಿದೆವು. ಮಗುವಿನ ಹೆಸರು, ತಂದೆಯ ಹೆಸರು, ಊರು. ಊರುಗಳ ಹೆಸರನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ದಾರಿಗಳು. ಒಂದು ಊರಿಗೂ ಶಾಲೆಗೂ ನಡುವೆ ಹಳ್ಳ, ಇನ್ನೊಂದಕ್ಕೆ ಗುಡ್ಡದ ಸೆರಗು, ಮತ್ತೊಂದಕ್ಕೆ ಕೆರೆಯ ಏರಿ. ಆ ಮಕ್ಕಳೆಲ್ಲ ಕಾಲ್ನಡಿಗೆಯಲ್ಲಿ ಬಂದವರು. ತಡವಾದಾಗ ಓಡಿ ಬಂದವರು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ಗಂಟೆಯ ಸದ್ದು ಕಿವಿಗೆ ಬಿದ್ದೊಡನೆ ಚೀಲವನ್ನು ಎದೆಗವಚಿಕೊಂಡು ಬದುವಿನ ಮೇಲೆ ಓಡಿದ್ದನ್ನು ಮರೆತಿರಲಾರರು. ಇಂದು ನಮ್ಮ ಮಕ್ಕಳು ಆಟೋದಲ್ಲಿ, ಬಸ್ಸಿನಲ್ಲಿ, ಅಪ್ಪನ ಬೈಕಿನ ಹಿಂದೆ ಕುಳಿತು ಬರುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳು ಹತ್ತನೆಯ ತರಗತಿಯವರೆಗೆ ಬರುವುದಕ್ಕೆ ಆ ಬಸ್ಸೂ ಒಂದು ಕಾರಣ. ಆದರೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂದೆ ಆ 60 ನಿಮಿಷವನ್ನು ದಾರಿಯೇ ಕೊಡುತ್ತಿತ್ತು. ಈಗ ನಾವು ಬೇಕೆಂದೇ ಹುಡುಕಿಕೊಳ್ಳಬೇಕಾಗಿದೆ.

ಓಟವೆಂಬುದು ಪಟ್ಟಣದವರ ಹವ್ಯಾಸವೆಂದು ಕೆಲವರು ಭಾವಿಸಬಹುದು. ನಮ್ಮ ಗಡಿಗೆ ಹೊಂದಿಕೊಂಡಿರುವ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆಯನ್ನು ಆರಂಭಿಸಿದರೆಂದು ಇತಿಹಾಸದಲ್ಲಿ ಓದುತ್ತೇವೆ. 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ಅದು ವಿಲೀನವಾಯಿತು. ಆ ಕಾಲದಲ್ಲಿ ಅಂಚೆಯ ಚೀಲವನ್ನು ಹೊತ್ತು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿದವರು ನಮ್ಮಂಥ ಊರುಗಳ ಸಾಮಾನ್ಯ ಜನರು. ನಮ್ಮ ದೇಶದ ಅಂಚೆ ಓಟಗಾರರ ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಇರುತ್ತಿತ್ತು. ಆ ಸದ್ದು ಮುಂದಿನ ಕಟ್ಟೆಯವನಿಗೆ ಸೂಚನೆ. ಪೊದೆಯಲ್ಲಿರುವ ಪ್ರಾಣಿಗೆ ಎಚ್ಚರಿಕೆ. ಆ ಗೆಜ್ಜೆಯ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಬಸ್ಸಿಳಿದು ಕಡಲೆಕಾಯಿ ಹೊಲಗಳ ನಡುವೆ ಬಂಡಿಜಾಡಿನಲ್ಲಿ ಅರ್ಧ ಗಂಟೆ ನಡೆಯಬೇಕಾಗಿತ್ತು. ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ನೆರಳೆಂಬುದು ಅಪರೂಪ. ಬಿಸಿಲು ಏರುವ ಮೊದಲು ಶಾಲೆ ಸೇರುವ ಆತುರದಲ್ಲಿ ಸೀರೆಯ ನೆರಿಗೆಯನ್ನು ಹಿಡಿದು ಎಷ್ಟೋ ದಿನ ಓಡಿದ್ದೇನೆ. ಹಿಂದೂಪುರಕ್ಕೆ ಬಂದ ಮೇಲೆ ಸ್ಕೂಟರ್ ಬಂತು, ಕುರ್ಚಿ ಬಂತು, 51ನೆಯ ವಯಸ್ಸಿನಲ್ಲಿ ರಕ್ತದ ಸಕ್ಕರೆ ಗಡಿಯನ್ನು ಮುಟ್ಟಿತು. ವೈದ್ಯರು ನಡೆಯಿರಿ ಎಂದರು. ನಾನು ಹುರುಪಿನಲ್ಲಿ ಹೊಸ ಬೂಟು ಕೊಂಡು ಮರುದಿನದಿಂದಲೇ ಡಾಂಬರು ರಸ್ತೆಯ ಮೇಲೆ ಓಡತೊಡಗಿದೆ. ಮೂರನೆಯ ವಾರಕ್ಕೆ ಹಿಮ್ಮಡಿಯ ನೋವು ಬಂದು ಎರಡು ತಿಂಗಳು ಕುಂಟಿದೆ. ಆದ್ದರಿಂದ ಈಗ ನಾನು ಹೇಳುವುದರಲ್ಲಿ ಬಹುಭಾಗ ತಪ್ಪು ಮಾಡಿ ಕಲಿತದ್ದು.

ಮೊದಲ ಪಾಠ, ನಡಿಗೆಯಿಂದ ಆರಂಭಿಸುವುದು. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಒಟ್ಟು ಅರ್ಧ ಗಂಟೆ ಸಾಕು. ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಮೆಲ್ಲನೆಯ ಓಟ. ಹೀಗೆ ಆರು ಸಲ. ಎರಡು ವಾರಗಳ ನಂತರ ಮೂರು ನಿಮಿಷ ನಡಿಗೆ, ಎರಡು ನಿಮಿಷ ಓಟ. ಹೀಗೆಯೇ ಏರಿಸುತ್ತಾ ಹೋದರೆ ಎರಡು ಮೂರು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡಬಹುದು. ಆಗದಿದ್ದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿರಿ; ಇಲ್ಲಿ ಅನುತ್ತೀರ್ಣರಾಗುವವರು ಯಾರೂ ಇಲ್ಲ. ಓಡುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಎದೆಯುಸಿರೂ ಮಾಂಸಖಂಡವೂ ಕೆಲವು ವಾರಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜು ಮತ್ತು ಮೂಳೆ ಪಳಗಲು ತಿಂಗಳುಗಳು ಬೇಕು. ‘ನನಗೆ ಇನ್ನೂ ಶಕ್ತಿಯಿದೆ’ ಎನ್ನಿಸುವ ಹೊತ್ತಿನಲ್ಲೇ ನಿಲ್ಲಿಸಬೇಕಾದದ್ದು ಇದೇ ಕಾರಣಕ್ಕೆ. ನನ್ನ ಹಿಮ್ಮಡಿ ನನಗೆ ಕಲಿಸಿದ ಪಾಠವೂ ಇದೇ. ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಎರಡನೆಯದು, ದಾರಿಯ ಆಯ್ಕೆ. ನಮ್ಮ ಭಾಗ್ಯಕ್ಕೆ ಹಿಂದೂಪುರದ ಸುತ್ತ ಎಲ್ಲ ಬಗೆಯ ನೆಲವೂ ಇದೆ. ಕೆರೆಯ ಏರಿ ಸಮತಟ್ಟು. ಮೊದಲ ತಿಂಗಳಿಗೆ ಅದೇ ಉತ್ತಮ. ಆಮೇಲೆ ಹೊಲಗಳ ನಡುವಿನ ಬಂಡಿಜಾಡು. ಅಲ್ಲಿ ಹೆಜ್ಜೆ ಹೆಜ್ಜೆಗೂ ನೆಲ ಬದಲಾಗುವುದರಿಂದ ಕಾಲಿನ ಎಲ್ಲ ಕೀಲುಗಳೂ ಕೆಲಸ ಮಾಡುತ್ತವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ಉತ್ತರ ಪಿನಾಕಿನಿ ವರ್ಷದ ಬಹುಕಾಲ ನಮಗೆ ಮರಳಾಗಿಯೇ ಕಾಣುತ್ತಾಳೆ. ಆ ಮರಳಿನಲ್ಲಿ ಐದು ನಿಮಿಷ ಓಡಿದರೆ ಕಣಕಾಲು ಗಟ್ಟಿಯಾಗುತ್ತದೆ. ಅರ್ಧ ಗಂಟೆ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕಲ್ಲುಬಂಡೆಯ ಗುಡ್ಡಗಳನ್ನು ಕೊನೆಗಿಟ್ಟುಕೊಳ್ಳಿ. ಲೇಪಾಕ್ಷಿಯ ಕೂರ್ಮಶೈಲದ ಮೇಲೆ ಗುಡಿ ಕಟ್ಟಿದವರು ಅಂಥ ಬಂಡೆಗಳ ಮೇಲೆ ಹೊರೆ ಹೊತ್ತು ಓಡಾಡಿದವರು. ನಾವು ಬರಿಗೈಯಲ್ಲಿ ಹತ್ತುವಾಗಲೂ ಏದುಸಿರು ಬಿಡುವವರು, ಅವಸರ ಬೇಡ.

ಏರುವಾಗ ಹೆಜ್ಜೆ ಚಿಕ್ಕದಿರಲಿ. ಕಡಿದಾದ ಕಡೆ ನಡೆಯಿರಿ, ಬೇಕಾದರೆ ಅಂಗೈಯನ್ನು ತೊಡೆಯ ಮೇಲೆ ಒತ್ತಿಕೊಂಡು ನಡೆಯಿರಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆಲ್ಲುವವರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ, ಅದರಲ್ಲಿ ಅವಮಾನವಿಲ್ಲ. ಇಳಿಯುವಾಗಲೇ ಹೆಚ್ಚಿನ ಜನ ಬೀಳುವುದು. ಹೆದರಿ ಮೈಯನ್ನು ಹಿಂದಕ್ಕೆ ವಾಲಿಸಿದರೆ ಹಿಮ್ಮಡಿ ಜಾರುತ್ತದೆ. ಮಂಡಿ ಸ್ವಲ್ಪ ಬಾಗಿರಲಿ, ಹೆಜ್ಜೆಗಳು ಚಿಕ್ಕದಾಗಿ ಚುರುಕಾಗಿರಲಿ, ಕೈಗಳು ಸಮತೋಲಕ್ಕಾಗಿ ಅಗಲವಾಗಿರಲಿ. ದೃಷ್ಟಿ ಪಾದದ ಮೇಲಿರದೆ ಮೂರು ನಾಲ್ಕು ಹೆಜ್ಜೆ ಮುಂದಿರಲಿ. ಕಣ್ಣು ಮೊದಲು ಕಲ್ಲನ್ನು ಕಂಡಿದ್ದರೆ ಕಾಲು ತಾನಾಗಿ ಅದನ್ನು ದಾಟುತ್ತದೆ. ಕಣಕಾಲನ್ನು ಬಲಪಡಿಸಲು ಖರ್ಚಿಲ್ಲದ ಒಂದು ಉಪಾಯವಿದೆ: ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ನಿಮಿಷ ಬಲಗಾಲಿನ ಮೇಲೆ, ಒಂದು ನಿಮಿಷ ಎಡಗಾಲಿನ ಮೇಲೆ ನಿಲ್ಲಿರಿ. ನಮ್ಮ ಮಕ್ಕಳು ಇದನ್ನು ಆಟವಾಗಿ ಮಾಡುತ್ತಾರೆ. ನಾನು ಮೊದಲ ವಾರ ಗೋಡೆಯನ್ನು ಹಿಡಿದೇ ಮಾಡಿದೆ.

ಪಾದರಕ್ಷೆಯ ವಿಷಯದಲ್ಲಿ ಪೋಷಕರಿಗೆ ಒಂದು ಮಾತು. ಸಾವಿರಾರು ರೂಪಾಯಿಯ ಬೂಟು ಬೇಕಾಗಿಲ್ಲ. ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರುವ, ತಳ ಸವೆದಿರದ, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ ಬೂಟು ಸಾಕು. ಬೆಳೆಯುವ ಕಾಲೆಂದು ಎರಡು ಅಳತೆ ದೊಡ್ಡದನ್ನು ಕೊಡಿಸಬೇಡಿ. ಇಳಿಜಾರಿನಲ್ಲಿ ಕಾಲು ಒಳಗೇ ಜಾರಿ ಮಗು ಬೀಳುತ್ತದೆ. ಬರಿಗಾಲಿನಲ್ಲಿ ನಾವು ಓಡಲಿಲ್ಲವೇ ಎಂದು ಹಿರಿಯರು ಕೇಳಬಹುದು. ಓಡಿದ್ದೆವು, ನಿಜ. ಆದರೆ ಅಂದಿನ ದಾರಿಯಲ್ಲಿ ಇಷ್ಟು ಬಳ್ಳಾರಿ ಜಾಲಿಯ ಮುಳ್ಳೂ ಒಡೆದ ಸೀಸೆಯ ಚೂರೂ ಇರಲಿಲ್ಲ. ಧನುರ್ವಾತದ ವಿರುದ್ಧ 10ನೆಯ ವಯಸ್ಸಿನಲ್ಲಿಯೂ 16ನೆಯ ವಯಸ್ಸಿನಲ್ಲಿಯೂ ಸರ್ಕಾರ ಉಚಿತವಾಗಿ ಕೊಡುವ ಚುಚ್ಚುಮದ್ದನ್ನು ತಪ್ಪಿಸಬೇಡಿ.

ಇನ್ನು ಎಚ್ಚರಿಕೆಗಳು. ಕಲ್ಯಾಣದುರ್ಗ, ರಾಯದುರ್ಗಗಳ ಕಡೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ, ಚಿರತೆಯೂ ಉಂಟು. ಕರಡಿ ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಹುತ್ತದ ಗೆದ್ದಲಿಗೆ, ಸೀತಾಫಲಕ್ಕೆ, ಕಡಲೆಕಾಯಿಗೆ ಇಳಿದು ಬರುತ್ತದೆ. ಅದಕ್ಕೆ ದೃಷ್ಟಿ ಮಂದ. ಸದ್ದಿಲ್ಲದೆ ಓಡಿಬಂದವರು ಹತ್ತಿರದಲ್ಲಿ ಎದುರಾದರೆ ಬೆದರಿ ಮೇಲೆ ಬೀಳುತ್ತದೆ. ಅಂಚೆಯವನ ಗೆಜ್ಜೆಯ ಅರ್ಥ ಇಲ್ಲಿದೆ. ಚೆನ್ನಾಗಿ ಬೆಳಕಾದ ಮೇಲೆಯೇ ಗುಡ್ಡದ ಕಡೆ ಹೋಗಿರಿ, ಒಬ್ಬರೇ ಹೋಗಬೇಡಿ, ಮಾತನಾಡುತ್ತಾ ಹೋಗಿರಿ, ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಳ್ಳಬೇಡಿ. ಬಂಡೆಯ ಸಂದಿನಲ್ಲಿ ಜೇನು ಕಟ್ಟಿದ್ದರೆ ಸುತ್ತಿ ಹೋಗಿರಿ. ಕಲ್ಲಿನ ಮೇಲೆ ಕೈಯೂರುವ ಮೊದಲು ನೋಡಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆಮಾಡಿ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಬೇಕು. ದಾರಿ ನಮ್ಮದಾದರೂ ಹೊಲ ರೈತನದು. ಬೆಳೆ ತುಳಿಯಬಾರದು, ಎದುರು ಸಿಕ್ಕವರಿಗೆ ನಿಂತು ನಮಸ್ಕರಿಸಬೇಕು.

ಹವಾಮಾನವನ್ನು ಲಘುವಾಗಿ ಕಾಣಬಾರದು. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ 100 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಹಠಾತ್ತನೆ ಆಲಿಕಲ್ಲು, ಚಳಿಗಾಳಿ ಎದ್ದು 21 ಮಂದಿ ಓಟಗಾರರು ತೀರಿಕೊಂಡರು. ಅವರಲ್ಲಿ ಹೆಸರಾಂತ ಓಟಗಾರರೂ ಇದ್ದರು. ಅಲ್ಲಿ ಚಳಿ ಕೊಂದಿತು. ನಮ್ಮಲ್ಲಿ ಅಪಾಯ ಬಿಸಿಲಿನದು. ಅದರ ಬಗೆಗೆ ನಾನು ಬಲ್ಲದ್ದನ್ನು ಹೇಳುವುದಾದರೆ, ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಎರಡು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಮಕ್ಕಳನ್ನು ಗುಡ್ಡದ ದಾರಿಗೆ ಕರೆದೊಯ್ದೆ. ಏಳಕ್ಕೆ ಹೊರಡಬೇಕಾದವರು ಹೊರಟದ್ದು ಒಂಬತ್ತಕ್ಕೆ. ಬಂಡೆ ಆಗಲೇ ಕಾದಿತ್ತು. ಹಿಂದಿರುಗಿಸಬೇಕಿತ್ತು, ಮಕ್ಕಳ ಉತ್ಸಾಹ ನೋಡಿ ಬಿಟ್ಟೆ. ಅರ್ಧ ದಾರಿಯಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿ ತಲೆ ಸುತ್ತಿ ಕುಳಿತಳು. ನೆರಳಿಗೆ ಸಾಗಿಸಿ, ನೀರು ಚಿಮುಕಿಸಿ, ಉಪ್ಪು ಬೆಲ್ಲದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡಳು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ಹಿಂದಿನ ರಾತ್ರಿ ಉಂಡದ್ದೇ ಕೊನೆ. ಹೊರಡುವ ಮೊದಲು ಕೇಳಬೇಕಾದ ಆ ಪ್ರಶ್ನೆಯನ್ನು ನಾನು ಮಗು ಬಿದ್ದ ಮೇಲೆ ಕೇಳಿದ್ದೆ. ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿದಾಗ ರಕ್ತದ ಹಿಮೋಗ್ಲೋಬಿನ್ 9 ಇತ್ತು. ಆ ವಯಸ್ಸಿನ ಹುಡುಗಿಗೆ 12 ಆದರೂ ಇರಬೇಕು.

ಮರುದಿನ ಅವಳ ತಾಯಿ ಶಾಲೆಗೆ ಬಂದರು. “ಮೇಡಂ, ಹೆಣ್ಣುಹುಡುಗಿಯನ್ನು ಗುಡ್ಡ ಹತ್ತಿಸಿ ಓಡಿಸುವುದು ಯಾವ ಪಾಠ? ನಾಳೆ ಅವಳಿಗೆ ಏನಾದರೂ ಆದರೆ ಜನ ಯಾರನ್ನು ಅನ್ನುತ್ತಾರೆ?” ಎಂದು ಕೇಳಿದರು. ಆ ತಾಯಿಯ ಸಿಟ್ಟು ನ್ಯಾಯವಾದದ್ದು. ಸಂಜೆ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಜಗಲಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ ಹುಡುಗಿಯ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ನಾವೇನು ಓಡಲಿಲ್ಲವೇನಮ್ಮ? ಮೋಡ ಕವಿದರೆ ಕಿತ್ತುಹಾಕಿದ ಕಾಯಿ ನೆನೆಯುತ್ತದೆಂದು ಊರಿಂದ ಹೊಲದ ತನಕ ಓಡುತ್ತಿದ್ದೆವು. ದನ ತಪ್ಪಿಸಿಕೊಂಡರೆ ಗುಡ್ಡದ ತನಕ ಓಡುತ್ತಿದ್ದೆವು. ಆಗ ಯಾರೂ ಏನೂ ಅನ್ನಲಿಲ್ಲ. ಆದರೆ ಅಂಬಲಿ ಕುಡಿದು ಓಡುತ್ತಿದ್ದೆವು, ತಾಯಿ. ಮಗೂಗೆ ಮೊದಲು ಹೊಟ್ಟೆಗೆ ಹಾಕಿ.”

ಆ ದಿನದಿಂದ ನಮ್ಮಲ್ಲಿ ಎರಡು ನಿಯಮಗಳಿವೆ. ಅಂಬಲಿಯನ್ನೋ ಒಂದು ಹಿಡಿ ಕಡಲೆಕಾಯಿ ಬೆಲ್ಲವನ್ನೋ ತೆಗೆದುಕೊಳ್ಳದ ಮಗು ಓಡುವಂತಿಲ್ಲ. ಫೆಬ್ರವರಿ ಕಳೆದ ಮೇಲೆ ಗುಡ್ಡದ ಓಟವಿಲ್ಲ; ಉಳಿದ ತಿಂಗಳುಗಳಲ್ಲಿಯೂ ಎಂಟು ಗಂಟೆಯೊಳಗೆ ಮರಳಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಮಕ್ಕಳು ಬಾಯಲ್ಲಿಟ್ಟುಕೊಂಡು ಹೊರಗೆ ಉಗುಳುವುದು ನನಗೆ ಗೊತ್ತಿದೆ. ಈಗ ನುಂಗುವವರೆಗೆ ಎದುರು ನಿಲ್ಲುತ್ತೇವೆ.

ಅಜ್ಜಿಯ ಮಾತು ಮಾತ್ರ ನನ್ನೊಳಗೆ ಬೇರೆಯಾಗಿಯೇ ಕೆಲಸ ಮಾಡಿತು. ನಮ್ಮ ಸೀಮೆಯ ಹೆಣ್ಣುಮಕ್ಕಳು ಎಂದೂ ಓಡದೆ ಕುಳಿತವರಲ್ಲ. ನೀರಿಗೆ, ಸೌದೆಗೆ, ದನಕ್ಕೆ, ಬೆಳೆಗೆ ಓಡಿದವರು. ಮನೆಯ ಕೆಲಸಕ್ಕೆ ಓಡಿದಾಗ ಯಾರಿಗೂ ಕಾಣದ ತಪ್ಪು, ಅವಳು ತನ್ನ ಮೈಯ ಸುಖಕ್ಕಾಗಿ ಓಡಿದಾಗ ಮಾತ್ರ ಏಕೆ ಕಾಣಬೇಕು? ಆರನೆಯ ತರಗತಿಯಲ್ಲಿ ಗಂಡುಮಕ್ಕಳನ್ನು ಹಿಂದೆ ಹಾಕುವ ಹುಡುಗಿಯರು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಆಟದ ಅವಧಿಯಲ್ಲಿ ಮರದ ಕೆಳಗೆ ಕುಳಿತಿರುವುದನ್ನು ಪ್ರತಿ ವರ್ಷವೂ ನೋಡುತ್ತಿದ್ದೇನೆ. ಅವರ ಕಾಲಿಗೆ ಏನೂ ಆಗಿರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಓಡಬಾರದೆಂಬ ನಿಷೇಧವನ್ನು ವೈದ್ಯಶಾಸ್ತ್ರ ಹೇಳುವುದಿಲ್ಲ. ಮೈಗೆ ಹಿತವೆನಿಸಿದರೆ ಓಡಬಹುದು, ಬೇಡವೆನಿಸಿದರೆ ಬಿಡಬಹುದು.

ನೇಪಾಳದ ಭೋಜಪುರ ಜಿಲ್ಲೆಯ ಮೀರಾ ರೈ ಎಂಬ ಹೆಣ್ಣುಮಗಳ ಹೆಸರನ್ನು ನಮ್ಮ ಮಕ್ಕಳಿಗೆ ಹೇಳುತ್ತಿರುತ್ತೇನೆ. ಬಡ ಕುಟುಂಬದಲ್ಲಿ ಹುಟ್ಟಿ, ಬೆಟ್ಟದ ದಾರಿಗಳಲ್ಲಿ ನೀರು, ಅಕ್ಕಿಯ ಮೂಟೆ ಹೊತ್ತು ಬೆಳೆದವಳು. 2014ರಲ್ಲಿ ಕಠ್ಮಂಡುವಿನ ಬಳಿ 50 ಕಿಲೋಮೀಟರ್ ಓಟದಲ್ಲಿ ಯಾವ ವಿಶೇಷ ತಯಾರಿಯೂ ಇಲ್ಲದೆ ಓಡಿ ಗೆದ್ದಳು. ಮರುವರ್ಷ ಫ್ರಾನ್ಸಿನ ಮೋಂ ಬ್ಲಾಂ ಪರ್ವತದ 80 ಕಿಲೋಮೀಟರ್ ಓಟದಲ್ಲಿ ಗೆದ್ದಳು. ಹೊರೆ ಹೊತ್ತು ನಡೆದ ದಾರಿಯೇ ಅವಳಿಗೆ ಶಿಕ್ಷಣವಾಗಿತ್ತು. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿತೋಟಗಳ ನಡುವೆಯೂ ‘ಮಲ್ನಾಡ್ ಅಲ್ಟ್ರಾ’ ಎಂಬ ಹೆಸರಿನಲ್ಲಿ 50, 100 ಕಿಲೋಮೀಟರ್ ಓಟಗಳು ನಡೆಯುತ್ತವೆ. ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗಬೇಕೆಂಬ ಆಸೆ ನನಗಿಲ್ಲ. ಊರಿನ ಕೆರೆಯ ಏರಿಯ ಮೇಲೆ ನಿರ್ಭಯವಾಗಿ ಓಡಲಿ ಎಂಬಷ್ಟೇ ಆಸೆ.

ತಲೆ ಸುತ್ತಿ ಬಿದ್ದ ಆ ಹುಡುಗಿ ಮೂರು ತಿಂಗಳು ಮಾತ್ರೆ ತೆಗೆದುಕೊಂಡು, ಊಟ ಸರಿಪಡಿಸಿಕೊಂಡು, ವೈದ್ಯರು ಒಪ್ಪಿದ ಮೇಲೆ ಮತ್ತೆ ಬಂದಳು. ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ತಾಯಿಯೂ ಬಂದರು. ಏರಿಯ ಕಲ್ಲಿನ ಮೇಲೆ ಕುಳಿತು ಕಾಯುತ್ತಿದ್ದರು. ಕೆಲವು ವಾರಗಳ ನಂತರ ಕುಳಿತು ಬೇಸರವಾಗಿ ನಡೆಯತೊಡಗಿದರು. ಹುಡುಗಿ ಈ ವರ್ಷ ಹತ್ತನೆಯ ತರಗತಿ. ಓದಿನ ಒತ್ತಡದಲ್ಲಿ ಕೆಲವು ವಾರ ತಪ್ಪಿಸುತ್ತಾಳೆ. ತಾಯಿ ಮಾತ್ರ ತಪ್ಪಿಸುವುದಿಲ್ಲ.

ಆದ್ದರಿಂದ ಶತಮಾನದ ಈ ಹೊಸ್ತಿಲಲ್ಲಿ ನನ್ನದೊಂದು ಬಿನ್ನಹ. ಬರುವ ತಿಂಗಳಿನಿಂದ ಪ್ರತಿ ಎರಡನೆಯ ಶನಿವಾರ ಬೆಳಿಗ್ಗೆ ಆರೂವರೆಗೆ ನಾವು ಶಾಲೆಯ ಗೇಟಿನಿಂದ ಹೊರಡುತ್ತೇವೆ. ದಾಖಲಾತಿ ಪುಸ್ತಕದಲ್ಲಿರುವ ಒಂದೊಂದು ಊರಿನ ಹಳೆಯ ದಾರಿಯನ್ನು ಹುಡುಕಿ, ನಡೆಯಬಲ್ಲವರು ನಡೆದು, ಓಡಬಲ್ಲವರು ಓಡಿ, ಎಂಟರೊಳಗೆ ಮರಳುತ್ತೇವೆ. ಕೆಲವು ದಾರಿಗಳನ್ನು ಜಾಲಿ ಮುಚ್ಚಿರಬಹುದು, ಕೆಲವು ಬಡಾವಣೆಯಾಗಿರಬಹುದು. ಯಾವುದು ಉಳಿದಿದೆಯೆಂದು ತೋರಿಸಲು ಅದರ ಮೇಲೆ ಓಡಿದ ಹಳೆಯ ವಿದ್ಯಾರ್ಥಿಗಳೇ ಮುಂದೆ ನಿಲ್ಲಬೇಕು. ಹೆಣ್ಣುಮಕ್ಕಳ ಪೋಷಕರಲ್ಲಿ ನನ್ನ ವಿಶೇಷ ಪ್ರಾರ್ಥನೆ: ಮಗಳನ್ನು ಕಳಿಸಿಕೊಡಿ. ಭಯವಾದರೆ ಅವಳ ಜೊತೆಗೆ ನೀವೂ ಬನ್ನಿ. ಅಂಬಲಿಯ ವ್ಯವಸ್ಥೆ ನನ್ನದು.